ಠಕೂಬಾಯಿಯ ಜೋಳ

"ಯಾದವರಾವನ್ನ ಒಂದ ಕೈಲೆ ಎತ್ತಿದೆರಿ ಸಾಹೇಬ್ರ. ಅವನ ಕೂಡ ಗಿರಣಿ ಮೋಟಾರೂ ಎದ್ದು ಬಂತು. ಮೂರು ಗಿರಕಿ ತಿರುವಿ ಬಾವಿ ದಂಡಿಗೆ ಒಗದೆ. ಮೋಟಾರು ಅಲ್ಲೂ ತಿರಗತಿತ್ತು."

ಕಚರೂ ಇದನ್ನು ಮೂರು ದಿನಗಳಿಂದ ಮಾಂಗವಾಡೆಯಲ್ಲಿ, ಊರಾಚೆಯ ಮಾಂಗರ ಕೇರಿಯಲ್ಲಿ, ಹೇಳುತ್ತಿದ್ದ. ಮೊದಲ ದಿನ ಅದು ಬರೀ ಕಪಾಳಕ್ಕೆ ಬಿಟ್ಟ ಏಟಾಗಿತ್ತು. ಎರಡನೆಯ ದಿನ ಯಾದವರಾವ ಕಾಲಿಗೆ ಬಿದ್ದಿದ್ದ. ಮೋಟಾರು ಎದ್ದು ಬಂದದ್ದು ಈ ಬೆಳಿಗ್ಗೆ, ಠಾಣೆಗೆ ಬರುವ ಟಂಟಂನಲ್ಲಿ.

ಫೌಜದಾರ ಕುರ್ಚಿಗೊರಗಿ ಹಲ್ಲು ಚುಚ್ಚಿಕೊಳ್ಳುತ್ತಿದ್ದ. ಬಾಗಿಲಲ್ಲಿ ಠಕೂಬಾಯಿ ಕುಕ್ಕರಗಾಲಲ್ಲಿ ಕೂತಿದ್ದಳು, ಯಾದವರಾವನ ಮೇಲಿನ ಅರ್ಜಿ ಅವಳದು, ಸಾಕ್ಷಿ ಕಚರೂ. ಹಿಂದೆ ವಾಡೆಯ ನಾಲ್ಕು ಗಂಡಸರು, ಕಚರೂನ ಮಾತಿನ ಬಲದಿಂದಲೇ ಮೀಸೆ ಏರಿಸಿಕೊಂಡು ಬಂದವರು.

ಯಾದವರಾವನ ಹಿಟ್ಟಿನ ಗಿರಣಿಯಲ್ಲಿ ಮಾಂಗರ ಕಚರೂ ಹಮಾಲ. ಅವನಷ್ಟು ಚೀಲ ಹೊತ್ತವರು ಭೂಮಂಡಲದಲ್ಲಿಲ್ಲ. ಆ ಸೀಮೆ ಸಪಾಟಾದದ್ದೇ ಅವನ ಹೆಜ್ಜೆಗೆ. ಚೀಲದ ಬಾಯಿ ಕಟ್ಟಿರುವ ತನಕ ಅವನ ಬೆನ್ನಿಗೆ ಮೈಲಿಗೆಯಿಲ್ಲ. ಬಾಯಿ ಬಿಚ್ಚಿದರೆ ಉಂಟು. ಊರಿನ ಧರ್ಮವೆಲ್ಲ ಒಂದು ಸುತಳಿಯ ಗಂಟಿನಲ್ಲಿತ್ತು. ಮಾಂಗರ ಜೋಳಕ್ಕೆ ಕಲ್ಲು ತಿರುಗುವುದು ಶನಿವಾರ ಸಂಜೆ ಮಾತ್ರ. ಆಮೇಲೆ ಮಾಲಕ ತನ್ನದೊಂದು ಬೊಗಸೆ ಕಾಳು ಬೀಸಿ, ಆ ಹಿಟ್ಟನ್ನು ಎಮ್ಮೆಗೆ ಹಾಕಿ ಕಲ್ಲನ್ನು ಶುದ್ಧ ಮಾಡುತ್ತಿದ್ದ. ಎಮ್ಮೆಯ ಜಾತಿ ಕೆಡುತ್ತಿರಲಿಲ್ಲ. ಅದರ ಹಾಲನ್ನು ಊರ ಪಾಟೀಲರೇ ಕುಡಿಯುತ್ತಿದ್ದರು.

ಠಕೂಬಾಯಿಯ ಮನೆಯಲ್ಲಿ ಬಾಣಂತಿ ಮಗಳಿದ್ದಳು, ಹಿಟ್ಟಿರಲಿಲ್ಲ. ಅವಳು ಮಂಗಳವಾರವೇ ಜೋಳ ಹೊತ್ತು ಗಿರಣಿಗೆ ಬಂದುಬಿಟ್ಟಿದ್ದಳು.

"ಭಲೇ ಗಂಡು," ಎಂದು ಫೌಜದಾರ ಪೆನ್ನು ತೆಗೆದ. "ಅಂದ್ರ ಮರ್ಯಾದಸ್ಥರ ಮ್ಯಾಲ ಕೈ ಮಾಡಿದವ ನೀನ. ಮೊದಲ ನಿನ್ನ ಒಳಗ ಹಾಕತೀನಿ. ಮುದಕಿ ಅರ್ಜಿ ಆಮ್ಯಾಲ, ಇಲಿ ತಿನ್ನದ ಉಳದ್ರ ನೋಡೂಣು."

ಕಚರೂ ಎರಡು ಹೆಜ್ಜೆ ಹಿಂದೆ ಸರಿದ. "ಹಂಗಲ್ರಿ, ಮೋಟಾರು ಅಷ್ಟೇನ ಎದ್ದಿರಲಿಲ್ಲ..."

"ಹಂಗಾರ ಏನೂ ನೋಡಿಲ್ಲ ಅಂತ ಬರೀತೀನಿ. ಹೆಬ್ಬಟ್ಟು ಒತ್ತಿ ಮನಿಗೆ ನಡಿ. ಸಾಕ್ಷಿ ಇಲ್ಲ, ಅರ್ಜಿನೂ ಇಲ್ಲ. ಹೊಟ್ಟಿಗೆ ಹಿಟ್ಟಿಲ್ಲ, ಬಾಯಿ ನೋಡು ಸೂಳಿಮಕ್ಕಳದು."

ಮಸಿಯ ಡಬ್ಬಿ ಮುಂದೆ ಬಂತು. ಕಚರೂನ ಹೆಬ್ಬೆರಳು ತಾನಾಗಿಯೇ ಎದ್ದಿತು. ಅದಕ್ಕೆ ರೂಢಿಯಿತ್ತು.

"ಕಚರ್ಯಾ," ಎಂದಳು ಠಕೂಬಾಯಿ. "ಮೂರು ದಿನಾ ನಿನ್ನ ಪೌರುಷಾ ಕೇಳಿದೆ. ನಾನೂ ಅಲ್ಲೇ ಇದ್ದೆನಲ್ಲೋ ಭಾಡ್ಯಾ. ಇಲ್ಲಿ ಬಂದ್ರ ಖರೇ ಹೇಳತೀ ಅಂತ ಬಾಯಿ ಮುಚಗೊಂಡಿದ್ದೆ."

ನಾಲ್ಕೂ ಮೀಸೆಗಳು ಒಟ್ಟಿಗೆ ಅವನತ್ತ ತಿರುಗಿದವು.

ಕಚರೂ ಹೆಬ್ಬೆರಳನ್ನು ಮುಷ್ಟಿಯೊಳಗೆ ಮಡಚಿಕೊಂಡ.

"ನಾ ಯಾರನ್ನೂ ಎತ್ತಿಲ್ರಿ. ಮಾಲಕ ಊಟಕ್ಕ ಹೋಗಿದ್ದ. 'ಜೋಳಾ ಸುರುವು ಕಾಕೂ, ಗಿರಣಿ ನಂದ' ಅಂತ ನಾನ ಈಕಿ ಮುಂದ ದಿಮಾಕು ಮಾಡಿದೆ. ಅವ ಬಂದು ಬೆಲ್ಟ್ ನಿಂದರಿಸಿ, 'ಈ ಮಾಂಗರ ಹೊಲಸು ಯಾರು ಹಾಕಿದ್ರಲೇ' ಅಂದ. ಕಾಕೂ ನನ್ನ ಮಾರಿ ನೋಡಿದ್ಲು. ನಾ ನೆಲಾ ನೋಡಿದೆ. ಜೋಳಾ ಗೋರಿ ಅಂಗಳದ ಸಗಣ್ಯಾಗ ಒಗದು, 'ಗುಡಸು ಲೇ' ಅಂತ ನನಗ ಹೇಳಿದ. ಆಕಿ ಕೂತು ಒಂದೊಂದ ಕಾಳು ಆರಸತಿದ್ಲು. ಆಕಿ ಬೆರಳ ಮ್ಯಾಲ ಕಸಬರಗಿ ಎಳದಾವ ನಾನ."

ಫೌಜದಾರನ ಪೆನ್ನು ಕಾಗದದ ಮೇಲೆ ಇಳಿಯಲಿಲ್ಲ.

"ಬರಕೋರಿ," ಎಂದ ಕಚರೂ. "ತಪ್ಪು ಮಾಡಿದವರೊಳಗ ಮೊದಲ ನನ್ನ ಹೆಸರು ಹಾಕ್ರಿ. ಅದರ ಕೆಳಗ ಮಾಲಕಂದು."