ಹೋಗಿ ಬನ್ನಿ

ಟಪಾಲು ಪಟ್ಟಿಯಿಂದ ಅಣ್ಣನ ಹೆಸರನ್ನು ತೆಗೆದುಬಿಡು ಎಂದು ಮ್ಯಾನೇಜರು ಹೇಳಿದ್ದು ಕಾಫಿ ಲೋಟದಿಂದ ಬಾಯಿ ಎತ್ತದೆ. ಕಂಪನಿಯ ಹಡಗಿನವರೆಲ್ಲ ವಾಪಸಾಗಿದ್ದರು, ಅಣ್ಣನೊಬ್ಬನ ಹೊರತು. ಸಮುದ್ರದಡಿ ತುಂಡಾದ ಕೇಬಲ್ಲನ್ನು ಮೇಲೆತ್ತಿ ಬೆಸೆಯುವುದು ಅವನ ಕಸುಬು. ಬೆಸುಗೆ ಮುಗಿಸಿ ತಿರುಗುವಾಗ ಅಲೆಯೊಂದು ಡೆಕ್ಕನ್ನು ನೆಕ್ಕಿಕೊಂಡು ಹೋಯಿತು. ಹುಡುಕಿದರು, ಹೆಣ ಸಿಗಲಿಲ್ಲ. ಬೆಸುಗೆ ಮಾತ್ರ ಕಲ್ಲಿನ ಹಾಗೆ ಗಟ್ಟಿಯಾಗಿದೆ, ಎಲ್ಲರ ಇ-ಮೇಲ್ ಟಪಾಲೂ ಈಗ ಅದರ ಮೇಲೇ ಓಡುತ್ತದೆ.

"ಹೆಣಾನೇ ಸಿಕ್ಕಿಲ್ಲ. ಹೆಸರು ಹೆಂಗ್ರೀ ತೆಗೀಲಿ?" ಎಂದ ತಮ್ಮ.

"ಸಿಡಿಮದ್ದೇ, ಸಿಡೀಬೇಡ. ಖಾಲಿ ಕುರ್ಚಿಗೆ ಟಪಾಲು ಯಾಕೆ? ತೆಗಿ ಅಂದ್ರೆ ತೆಗಿ."

ತಮ್ಮನ ಕೈ ಲೋಟದವರೆಗೂ ಹೋಗಿ ಹಿಂದೆ ಬಂತು. ಹಲ್ಲು ಕಚ್ಚಿಕೊಂಡು ತನ್ನ ತಂಪು ಕೋಣೆಗೆ ನಡೆದ. ಕಂಪನಿಯ ಮೇಲ್ ಸರ್ವರ್ ಕಾಯುವ ಕೆಲಸ ಅವನದು. ಶಾಲೆ ಅರ್ಧಕ್ಕೆ ಬಿಟ್ಟು ಬೀದಿ ಅಳೆಯುತ್ತಿದ್ದವನನ್ನು ಕಿವಿ ಹಿಡಿದು ತಂದು ಕೂರಿಸಿ, ಈ ವಿದ್ಯೆ ಕಲಿಸಿದವನು ಅಣ್ಣನೇ.

"ಇದಕ್ಕಿಂತ ಸುಲಭದ ಮಾತುಕತೆ ಭೂಮಿ ಮೇಲಿಲ್ಲ ಕಣೋ," ಎಂದಿದ್ದ ಅಣ್ಣ. "ಸರ್ವರ್ರು ಬಾಗಿಲು ಕಾಯೋನು. ಕಾಗದ ಬಂತು ಅಂದ್ರೆ ನಿನ್ನ ಹೆಸರಿನ ಪಟ್ಟೀನ ಒಂದು ಸಾಲು ಕೇಳ್ತಾನೆ: ಗೆಟ್, ಆಮೇಲೆ ಹೆಸರು. ಇಂಥೋರ ಪೆಟ್ಟಿಗೆ ಎಲ್ಲಿ ಹೇಳು ಅಂತ. ನೀನು ಒಂದೇ ಸಾಲು ಹೇಳ್ಬೇಕು. ಇನ್ನೂರು ಅಂದ್ರೆ ಇದ್ದಾರೆ, ತಗೋ. ಐನೂರು ಅಂದ್ರೆ ಇಲ್ಲ. ನಾನೂರು ಅಂದ್ರೆ ಈಗ ಗೊತ್ತಾಗ್ತಿಲ್ಲ, ಆಮೇಲೆ ಕೇಳು."

"ಸುಳ್ಳು ಹೇಳಿದ್ರೆ?"

"ನಂಬ್ತಾನೆ. ಹೇಳಿದೋರು ಯಾರು ಅಂತಲೂ ಕೇಳಲ್ಲ, ಪಾಪ. ಇನ್ನೊಂದು: ಎರಡು ಮಾತಿನ ಮಧ್ಯೆ ಸುಮ್ನೆ ಖಾಲಿ ಬಿಡಂಗಿಲ್ಲ. ಆ ಖಾಲಿಗೂ ಗುರುತಿದೆ. ಶೇಕಡಾ ಚಿಹ್ನೆ, ಇಪ್ಪತ್ತು. ಖಾಲೀನೂ ಬರೆದೇ ತೋರಿಸ್ಬೇಕು."

ಅಣ್ಣನ ಪೆಟ್ಟಿಗೆಯನ್ನು ತಮ್ಮ ಅಳಿಸಿಹಾಕಿದ. ಆದರೆ ಹೆಸರಿನ ಮುಂದೆ ಐನೂರು ಬರೆಯಲು ಬೆರಳು ಏಳಲಿಲ್ಲ. ಹೊರಟ ದಿನ ಅಣ್ಣ ಹೊಸ್ತಿಲಲ್ಲಿ ನಿಂತು, ಮನೆಯಿಂದ ಹೊರಡುವವರೆಲ್ಲ ಹೇಳುವ ಹಾಗೆ, "ಬರ್ತೀನಿ" ಅಂದಿದ್ದ. ಹೋಗ್ತೀನಿ ಅಂದಿರಲಿಲ್ಲ. ಬರ್ತೀನಿ ಅಂದವನನ್ನು ಇಲ್ಲ ಅನ್ನುವುದು ಯಾವ ನ್ಯಾಯ? ತಮ್ಮ ನಾನೂರು ಬರೆದ. ಮ್ಯಾನೇಜರನ ಮುಖಕ್ಕೆ ಉಗಿದಷ್ಟು ಹಿತವಾಯಿತು.

ಮೊದಲ ಪ್ರಶ್ನೆ ಬಂದದ್ದು ಮರುದಿನ. ಅಣ್ಣನಿಗೆ ಯಾರೋ ಕಾಗದ ಹಾಕಿದ್ದರು. ನಾನೂರು ಕೇಳಿದ ಸರ್ವರ್ ಕಾಗದವನ್ನು ಪಕ್ಕಕ್ಕಿಟ್ಟುಕೊಂಡು, ಸ್ವಲ್ಪ ಹೊತ್ತು ಬಿಟ್ಟು ಮತ್ತೆ ಕೇಳಿತು. ಮತ್ತೂ ಕೇಳಿತು. ಕೆಲವು ದಿನ ಕಾದ ಮೇಲೆ ಅದು ತಾನಾಗಿಯೇ ಕೈಚೆಲ್ಲಿ ಕಾಗದ ಹಿಂತಿರುಗಿಸಬೇಕು. ಆ ಗಡುವನ್ನೂ ತಮ್ಮ ರಬ್ಬರಿನಂತೆ ಎಳೆದಿಟ್ಟ. ದಿನಾ ಹೊಸ ಕಾಗದ, ಹಳೆಯವೂ ಹೋಗುತ್ತಿಲ್ಲ, ಒಂದೊಂದೂ ಸರದಿಯಲ್ಲಿ ಎದ್ದು ಬಂದು ಬಾಗಿಲು ಬಡಿಯುತ್ತದೆ. ಪರದೆಯ ತುಂಬ ಒಂದೇ ಹೆಸರು ಮೇಲಕ್ಕೆ ಹರಿಯತೊಡಗಿತು. ಫ್ಯಾನಿನ ಗುಂಯ್‌ಗುಡುವಿಕೆಯಲ್ಲೂ ಅದೇ ಕೇಳಿಸಿತು. ಬೆನ್ನ ಹಿಂದೆ ಒದ್ದೆ ಬೂಟು ಹಾಕಿದವರು ಯಾರೋ ನಿಂತಂತಾಗಿ ಅವನು ಕುರ್ಚಿಯನ್ನು ಗೋಡೆಗೆ ಒತ್ತಿಟ್ಟುಕೊಂಡ.

ಬರೆಯುತ್ತಿದ್ದವರು ಯಾರೆಂದು ನೋಡುವ ಧೈರ್ಯ ಅವನಿಗೆ ಬರಲಿಲ್ಲ. ನೋಡಬೇಕಾಗಿಯೂ ಬರಲಿಲ್ಲ.

ಮನೆ ಬಾಗಿಲಿಗೆ ಚಿಲಕ ಹಾಕುವುದನ್ನು ಅತ್ತಿಗೆ ಬಿಟ್ಟಿದ್ದಳು. ತೆರೆದ ಬಾಗಿಲೆದುರು ಚಾಪೆ ಹಾಸಿ ಮಲಗುತ್ತಿದ್ದಳು. ಗಾಳಿಗೆ ಜ್ವರ ಬಂತು, ಕೆಮ್ಮು ಎದೆಗಿಳಿಯಿತು. ಉಸಿರೆಳೆದರೆ ಒಳಗೆ ನೀರು ಗೊರಗುಟ್ಟಿದ ಸದ್ದು. ಊಟದ ಹೊತ್ತಿಗೆ ಮನೆಗೆ ಬಂದ ತಮ್ಮ ಅವಳ ಹಣೆ ಮುಟ್ಟಿ ಬೆಚ್ಚಿದ.

"ಏಳಿ ಅತ್ತಿಗೆ, ಆಸ್ಪತ್ರೆಗೆ. ಹಿಂಗೇ ಬಿಟ್ರೆ ಜೀವಕ್ಕೇ ಕುತ್ತು ಬರುತ್ತೆ."

"ನಾನು ಅತ್ಲಾಗೆ ಹೋದಾಗ ಅವ್ರು ಬಂದ್ರೆ? ಬೀಗ ನೋಡಿ ಹಿಂತಿರುಗ್ಬೇಕಾ?"

"ಅತ್ತಿಗೆ..."

"ನನಗೆ ಹುಚ್ಚು ಅನ್ಕೋಬೇಡ. ಇಲ್ನೋಡು." ಅವಳು ದಿಂಬಿನಡಿಯಿಂದ ಫೋನು ತೆಗೆದಳು. "ದಿನಾ ಬರೀತೀನಿ. ಒಂದೂ ವಾಪಸ್ ಬಂದಿಲ್ಲ. ನೋಡು, 'ನಿಮ್ಮ ಪತ್ರ ಇನ್ನೂ ತಲುಪಿಲ್ಲ, ಪ್ರಯತ್ನ ಮುಂದುವರಿದಿದೆ.' ಇಲ್ಲ ಅಂದಿದ್ಯಾ? ಅಂದಿಲ್ಲ. ಎಲ್ಲೋ ಇದ್ದಾರೆ ಕಣೋ."

ತಮ್ಮ ಆ ಸಾಲನ್ನು ಓದಿದ. ಇಷ್ಟು ದಿನ ಬಾಗಿಲು ಬಡಿದದ್ದು ಅಣ್ಣನಲ್ಲ. ಈ ಹೆಂಗಸು, ಈ ಜ್ವರದಲ್ಲಿ.

"ಅದು ನಾನು ಅತ್ತಿಗೆ," ಎಂದ. "ಆಮೇಲೆ ಕೇಳು ಅಂತ ಹೇಳ್ತಿರೋದು ನಾನು. ಇಲ್ಲ ಅನ್ನೋಕೆ ಬಾಯಿ ಬರ್ಲಿಲ್ಲ."

ಅತ್ತಿಗೆ ಅವನನ್ನು ನೋಡಿಯೇ ನೋಡಿದಳು. ಆಮೇಲೆ ಕೆಮ್ಮಿದಳು, ಕರುಳು ಹೊರಬರುವಷ್ಟು.

"ದೆವ್ವ ಸಾಕಿದ್ಯಲ್ಲೋ," ಎಂದಳು. "ನೀನು ಸಾಕಿದ್ದು, ನಾನು ಅನ್ನ ಹಾಕಿದ್ದು."

"ಹೊಡೀರಿ ಬೇಕಾದ್ರೆ."

"ಹೊಡೆಯೋಕೆ ಕೈಲಿ ಶಕ್ತಿ ಎಲ್ಲಿದೆ, ಮಂಕೇ? ನಿನ್ನ ಡಬ್ಬ ತೆಗಿ. ನನ್ನ ಮುಂದೇನೇ ಬರಿ."

ಅವನು ಲ್ಯಾಪ್‌ಟಾಪು ತೆರೆದು ಚಾಪೆಯ ಅಂಚಿನಲ್ಲಿ ಕೂತ. ನಾನೂರು ಅಳಿಸಿ ಐನೂರು ಒತ್ತಿದ. ಸಂಖ್ಯೆಯ ಮುಂದೆ ಏನಾದರೂ ಒಂದು ಮಾತು ಇರಲೇಬೇಕೆಂಬುದು ಸರ್ವರಿನ ನಿಯಮ. ಯಾರೂ ಓದುವುದಿಲ್ಲ, ಆದರೂ ಬೇಕು.

"ಏನು ಬರೀಲಿ?"

ಅತ್ತಿಗೆ ಹೊಸ್ತಿಲ ಕಡೆ ನೋಡುತ್ತಿದ್ದಳು. "ಅವತ್ತು ಒಲೆ ಮೇಲೆ ಹಾಲು ಉಕ್ತಾ ಇತ್ತು. ಬರ್ತೀನಿ ಅಂದ್ರು. ನಾನು ತಿರುಗಿಯೂ ನೋಡ್ಲಿಲ್ಲ. ಹೋಗಿ ಬನ್ನಿ ಅನ್ಬೇಕಿತ್ತು."

ಅವನು ಹೋಗಿ ಎಂದು ಬರೆದ. ಶೇಕಡಾ ಚಿಹ್ನೆ ಹಾಕಿದ, ಇಪ್ಪತ್ತು ಹಾಕಿದ. ಆಮೇಲೆ ಬನ್ನಿ. ಗಡುವನ್ನು ಮೊದಲಿನಂತೆ ಮಾಡಿ, ಕಾದಿದ್ದ ಕಾಗದಗಳನ್ನೆಲ್ಲ ಒಟ್ಟಿಗೆ ಎಬ್ಬಿಸಿದ.

ಅತ್ತಿಗೆಯ ಕೈಯಲ್ಲಿ ಫೋನು ಗುರ್ ಎಂದಿತು. ಮತ್ತೆ ಗುರ್. ಅವಳ ಕಾಗದಗಳು ಮನೆಗೆ ಬರುತ್ತಿದ್ದವು: ಈ ವಿಳಾಸದಲ್ಲಿ ಇಂಥವರು ಇಲ್ಲ, ಇಲ್ಲ, ಇಲ್ಲ. ಅವಳು ಒಂದನ್ನೂ ತೆರೆಯಲಿಲ್ಲ. ಪ್ರತಿ ಸಲ ಗುರ್ ಎಂದಾಗಲೂ ತಲೆಯಾಡಿಸಿದಳು, ಹ್ಞೂಂ, ಹ್ಞೂಂ ಎಂದು. ಸದ್ದು ನಿಂತ ಮೇಲೆ ಗೋಡೆ ಹಿಡಿದು ಎದ್ದು ಚಪ್ಪಲಿ ಹುಡುಕಿದಳು.

ಸರತಿಯಲ್ಲಿ ಒಂದೂ ಕಾಗದ ಉಳಿಯಲಿಲ್ಲ. ತಮ್ಮ ಲ್ಯಾಪ್‌ಟಾಪು ಮುಚ್ಚಲು ಕೈ ಇಟ್ಟ. ಆಗ ಪರದೆಯಲ್ಲಿ ಇನ್ನೊಂದು ಸಾಲು ಮೂಡಿತು. ಗೆಟ್, ಆಮೇಲೆ ಅಣ್ಣನ ಹೆಸರು.

ಯಾರು ಕೇಳಿದರೆಂದು ಅವನು ಹುಡುಕಲಿಲ್ಲ. ಪಟ್ಟಿ ತಾನಾಗಿಯೇ ಉತ್ತರ ಕೊಟ್ಟಿತು: ಐನೂರು, ಹೋಗಿ ಬನ್ನಿ. ಅವನು ಆಸ್ಪತ್ರೆಗೆಂದು ಹೊಸ್ತಿಲು ದಾಟಿದಾಗ ಹಿಂದಿನಿಂದ ಅತ್ತಿಗೆ ಬಾಗಿಲೆಳೆದು, ಎಷ್ಟೋ ದಿನದ ಮೇಲೆ ಚಿಲಕ ಹಾಕಿದಳು.