ಪೈಕಿ

“ನಾನು ಹೊರಗೆ,” ಎಂದು ಗೋಕುಲ ಎದ್ದ. ಯಾಕೆಂದು ಯಾರೂ ಕೇಳಲಿಲ್ಲ. ಕೇಳಬಾರದೆನ್ನುವುದೇ ಆಫೀಸಿನ ಕಟ್ಟಳೆ.

ಚರ್ಚೆಗೆ ಬಂದ ಸುದ್ದಿಯಲ್ಲಿ ತನ್ನವರಿದ್ದರೆ ಎದ್ದು ಹೋಗಬೇಕು. ಯಾರು, ಏನು ಎಂದು ಆಮೇಲೆ ಸಂಪಾದಕಿಗೊಬ್ಬಳಿಗೆ ಹೇಳಿದರೆ ಸಾಕು. ಸುದ್ದಿ ಪ್ರಕಟವಾಗುವವರೆಗೆ ಅದರ ಬಗ್ಗೆ ಎಲ್ಲೂ ತುಟಿ ಬಿಚ್ಚುವಂತಿಲ್ಲ. ಹೀಗೊಂದು ಕಟ್ಟಳೆ ಬೇಕೇ ಬೇಕೆಂದು ಹಠ ಹಿಡಿದವನು ಗೋಕುಲನೇ.

“ಎಷ್ಟ್ ದಿನ ಮಚ್ಚಾ, ಮೂರಾ?” ಎಂದ ಸಾಕಿಬ್. “ಚಾಪೆ, ಚೊಂಬು ಆಚೆ ಇಡಿಸ್ಲಾ?”

ಎಲ್ಲರೂ ನಕ್ಕರು. ಗೋಕುಲನೂ ನಕ್ಕ.

ಕೊಡಿಗೇಹಳ್ಳಿಯ ಪೇಂಟ್ ಅಂಗಡಿಯ ಮೇಲಿನ ಈ ಸುದ್ದಿಮನೆ ದೇಣಿಗೆಯಿಂದ ನಡೆಯುತ್ತದೆ. ಎಲ್ಲರಿಗಿಂತ ಹೆಚ್ಚು ಕೊಡುವುದು ಒಬ್ಬ ಬಿಲ್ಡರನ ಟ್ರಸ್ಟು. ಪ್ರತಿ ವರದಿಯ ಕೆಳಗೆ ಅವನ ಹೆಸರು ಸಣ್ಣಕ್ಷರದಲ್ಲಿ ಬರುತ್ತದೆ. ಅಲ್ಲಿಗೆ ಎಲ್ಲ ಮಡಿ. ಇವತ್ತಿನ ಸುದ್ದಿಯಲ್ಲಿದ್ದವಳು ಗೋಕುಲನ ಅಜ್ಜಿ; ಅವಳನ್ನು ಯಾವ ಪುಟದ ಕೆಳಗೆ ಹಾಕುವುದು?

ಸಂಪಾದಕಿ ಸಂಯುಕ್ತಾ ಮೆಟ್ಟಿಲ ಬಳಿ ಬಂದಳು. “ಯಾರು?”

“ಸೊಣ್ಣಮ್ಮ.”

“ಲೇಔಟ್ ಓನರ್ರಾ? ಏನಾಗ್ಬೇಕು ನಿಮ್ಗೆ?”

“ಪೈಕಿ.”

“ಹತ್ರದೋರಾ?”

“ಅಲ್ಲೇ ಎಲ್ಲೋ.”

“ಸದ್ಯಕ್ಕೆ ಮಾತಾಡಿಸ್ಬೇಡಿ.”

“ಇಲ್ಲ.”

ತಾಯಿ ಸತ್ತ ಮೇಲೆ ಅವನನ್ನು ಎದೆಗವುಚಿಕೊಂಡು ಸಾಕಿದವಳು ಎರಡೇ ಪದದಲ್ಲಿ ಅಲ್ಲೇ ಎಲ್ಲೋ ಆಗಿಬಿಟ್ಟಳು. ಅಜ್ಜಿ ಎಂದಿದ್ದರೆ ಸಂಯುಕ್ತಾ ತಲೆ ಓರೆ ಮಾಡಿ ಮರುಗುತ್ತಿದ್ದಳು. ಅದು ಅವನಿಗೆ ಬೇಡವಾಗಿತ್ತು.

ಅಲ್ಲಾಳಸಂದ್ರದ ಕಡೆ ರಾಜಕಾಲುವೆ ಮುಚ್ಚಿ ಸೈಟು ಮಾಡಿದ್ದರು. ಮಳೆ ಬಂದರೆ ಕೆಳಗಿನ ಬೀದಿಯ ಮನೆಗಳಲ್ಲಿ ಮಂಚ ತೇಲುತ್ತಿತ್ತು. ಮುಚ್ಚಿದವನು ಸೋದರಮಾವ ನರಸಿಂಹಯ್ಯ. ಕಾಗದದಲ್ಲಿ ಇದ್ದದ್ದು ಅಜ್ಜಿಯ ಹೆಸರು. ಮಗ ತೋರಿಸಿದಲ್ಲಿ ಅವಳು ಹೆಬ್ಬೆಟ್ಟು ಒತ್ತಿದ್ದಳು.

ಬೈಕು ತಾನಾಗಿ ಆ ಕಡೆ ತಿರುಗಿತು ಎಂದುಕೊಂಡ. ಅವಳಿಗೆ ಹೇಳಲು ಹೊರಟಿದ್ದನೋ, ಎದುರಿಗೆ ಕೂತೂ ಹೇಳದೆ ಇರಬಲ್ಲೆನೆಂದು ತನಗೆ ತಾನೇ ತೋರಿಸಿಕೊಳ್ಳಲು ಹೊರಟಿದ್ದನೋ, ಗೊತ್ತಾಗಲಿಲ್ಲ.

ಮಾವ ಕಟ್ಟಿಸಿದ ನಾಲ್ಕಂತಸ್ತಿನ ಕೆಳಮನೆಯಲ್ಲಿ ಅಜ್ಜಿ ಸೊಪ್ಪು ಬಿಡಿಸುತ್ತಿದ್ದಳು.

“ಏನ್ಲಾ ಮಗಾ, ಒತ್ತಲ್ಲದ ಒತ್ನಾಗೆ? ಆಪೀಸ್ನೋರು ಆಚೀಕ್ ಕಳುಸ್ಬುಟ್ರಾ?”

ಗೋಕುಲ ಬೆಚ್ಚಿದ. “ಹೂಂ.”

“ಕಳುಸ್ಲಿ ಬುಡು. ಅವ್ರೇನ್ ಇಟ್ಟಿಕ್ತಾರಾ? ಕೈ ತೊಳ್ಕೊ.”

ತಟ್ಟೆಗೆ ಮುದ್ದೆ ಬಂತು, ಬಿಸಿ ಸಾರು ಬಂತು. ಅವಳು ಎದುರಿಗೆ ಕುಕ್ಕರಗಾಲಲ್ಲಿ ಕೂತು ಅವನ ಹಣೆಯ ಬೆವರನ್ನು ಸೆರಗಿನಿಂದ ಒರೆಸಿದಳು.

“ಯಾವ್ದೋ ಪೇಪರ್ನಾಗೆ ಬತ್ತದಂತೆ. ನಿಮ್ಮಾವ ಪೋನಾಗೆ ಕೂಗಾಡ್ತಿದ್ದ. ನಂಗೇನೂ ಆಗಾಕಿಲ್ವಲ್ಲ?”

“ಸಾರು ಚೆನ್ನಾಗಿದೆ.”

“ಜೈಲ್ಗೆ ಆಕ್ತಾರಾ?”

“ಉಪ್ಪು ಸ್ವಲ್ಪ ಬೇಕಿತ್ತು.”

ಅವಳು ಎದ್ದು ಉಪ್ಪು ತಂದಳು. ‘ಕೇಳಿದವರಿಗೆಲ್ಲ, ಹೆಬ್ಬೆಟ್ಟು ಒತ್ತಿಸಿಕೊಂಡವನು ಮಗ ಅಂತ ಹೇಳು.’ ಅಷ್ಟು ಹೇಳಿಕೊಟ್ಟಿದ್ದರೆ ಸಾಕಿತ್ತು. ವರದಿಯಲ್ಲಿ ಅವಳು ಕಳ್ಳಿಯಾಗುತ್ತಿರಲಿಲ್ಲ. ಮಾತು ನಾಲಿಗೆಯ ಮೇಲೇ ಇತ್ತು. ಅವನು ಅದರ ಮೇಲೆ ಒಂದು ತುತ್ತು ಇಟ್ಟುಕೊಂಡ.

“ನೀನ್ ಓದ್ದೋನು,” ಎಂದಳು ಅಜ್ಜಿ ಮೆತ್ತಗೆ. “ಏನಾರ ಇದ್ರೆ ಏಳೇ ಏಳ್ತಿದ್ದೆ. ಏಳ್ನಿಲ್ಲ ಅಂದ್ರೆ ಏನೂ ಇಲ್ಲ.” ಮುಖ ತಿಳಿಯಾಯಿತು. ಅವನ ತಟ್ಟೆಗೆ ಇನ್ನರ್ಧ ಮುದ್ದೆ ಹಾಕಿದಳು.

ಕಿಟಕಿಯ ಮೇಲಿದ್ದ ಅವಳ ಪುಟ್ಟ ಫೋನು ಬಡಿದುಕೊಂಡಿತು. ಅವಳು ಯಾವಾಗಲೂ ಸ್ಪೀಕರಿನಲ್ಲೇ ಮಾತಾಡುವುದು.

“ಸೊಣ್ಣಮ್ಮ ಅವ್ರಾ? ನಾನು ಸಾಕಿಬ್ ಅಂತ ಅಮ್ಮಾ, ಸುದ್ದಿ ಆಫೀಸಿಂದ. ನಿಮ್ಮ ಲೇಔಟ್ ವಿಚಾರ. ನಿಮ್ದೂ ಒಂದ್ ಮಾತು ಹಾಕ್ಬೇಕಿತ್ತು.”

ಆ ದನಿ ಅವಳೊಡನೆ ಮೃದುವಾಗಿತ್ತು. ಚೊಂಬಿನ ತಮಾಷೆ ಮಾಡಿದ ದನಿಯೇ ಅದು.

“ನಂಗೆ ಓದಾಕ್ ಬರಾಕಿಲ್ಲ ಕಣಪ್ಪಾ,” ಎಂದಳು ಅಜ್ಜಿ, ನಿಶ್ಚಿಂತೆಯಿಂದ. “ನಮ್ ಮೊಮ್ಮಗ ಇಲ್ಲೇ ಉಣ್ತಾವ್ನೆ. ನಿಮ್ ತರದ್ದೇ ಕೆಲ್ಸ. ಗೋಕುಲ ಅಂತ. ಎಲ್ಲಾ ಅವುನ್ಗೆ ಗೊತ್ತು. ಅವ್ನೇ ಏಳ್ತಾನೆ, ಇರು.”

ಆ ಕಡೆ ಯಾರದೋ ಕುರ್ಚಿ ಸರಿದಿದ್ದು ಕೇಳಿಸಿತು. ಆಮೇಲೆ ಸಾಕಿಬನ ನಗುವಿಲ್ಲದ ದನಿ: “ಯಾರು? ಯಾರ್ ಇದ್ದೀರ ಅಲ್ಲಿ?”

ಅಜ್ಜಿ ಫೋನನ್ನು ಅವನ ಬಾಯಿಯ ಹತ್ತಿರ ತಂದಳು. ಕೆಳಗೆ ಚೆಲ್ಲಬಾರದೆಂಬಂತೆ ಇನ್ನೊಂದು ಕೈಯನ್ನು ಅಡಿಯಲ್ಲಿ ಬೊಗಸೆಯಾಗಿ ಹಿಡಿದಿದ್ದಳು. ಚಿಕ್ಕಂದಿನಲ್ಲಿ ತುತ್ತು ಹಿಡಿಯುತ್ತಿದ್ದದ್ದು ಹೀಗೆಯೇ. “ಏಳು ಕಂದಾ,” ಎಂದಳು.

ಅವನ ಬಾಯಿ ತುಂಬಿತ್ತು. ನುಂಗಬೇಕಾದ ಮುದ್ದೆಯನ್ನು ಅವನು ಅಗಿಯುತ್ತಿದ್ದ, ನಿಧಾನವಾಗಿ, ಕಣ್ಣೆತ್ತದೆ, ಅಗಿಯುತ್ತಲೇ ಇದ್ದ.