ಎರಡನೇ ಬ್ರೇಕು

“ಕೈಗೇನು ಲಕ್ವ ಹೊಡ್ದದಾ? ಹಾಕ್ಲಾ ಸೈನು, ಬೋಳಿಮಗನೆ!”

ನ್ಯಾಮಾರಿ ಫಾರಂ ಪುಸ್ತಕವನ್ನು ಮಕೋರಿಯ ಎದೆಗೆ ಒತ್ತಿ ಹಿಡಿದಿದ್ದ. ಡ್ರೈವಿಂಗ್ ಸ್ಕೂಲಿನ ಯಜಮಾನ ಅವನು, ವಯಸ್ಸು ಮೂವತ್ತನಾಲ್ಕು. ಮಕೋರಿಗೆ ಐವತ್ತೆಂಟು. ಈ ಗುಡ್ಡದ ಊರಿನಲ್ಲಿ ಮಟಾಟು ಅನ್ನುವ ಬಾಡಿಗೆ ವ್ಯಾನು ಓಡಿಸುವವರಲ್ಲಿ ಅರ್ಧ ಜನ ಅವನ ಕೈಯಲ್ಲಿ ಕಲಿತವರು, ನ್ಯಾಮಾರಿಯೂ ಸೇರಿ. ಕಲಿಯಲು ಬಂದಿದ್ದ ಆರು ಜನ, ರಸ್ತೆಗಳ ಚಿತ್ರ ಬಿಡಿಸಿದ ದೊಡ್ಡ ಹಲಗೆಯ ಸುತ್ತ, ಆಟದ ಕಾರುಗಳನ್ನು ಕೈಯಲ್ಲಿ ಹಿಡಿದು ನೋಡುತ್ತ ನಿಂತಿದ್ದರು.

“ಏನು ಬರ್ದವ್ರೆ ಅಂತ ಕೇಳ್ದೆ ಅಷ್ಟೆಯ, ಧಣಿ,” ಅಂದ ಮಕೋರಿ.

“ಓದಕ್ ಬರದಿರೋ ಕತ್ತೆಗೆ ಏನ್ ಬರ್ದಿದ್ರೇನು? ಒಗೇಟೊ, ಹೇಳ್ಲಾ ಇವನಿಗೆ.”

ಒಗೇಟೊ ಅಂದರೆ ನಾನು. ಅಲ್ಲಿನ ನಾಲ್ವರು ಮೇಷ್ಟ್ರುಗಳಲ್ಲಿ ಹೈಸ್ಕೂಲು ಮುಗಿಸಿದವನು ನಾನೊಬ್ಬನೇ. ಜಿಲ್ಲೆಯ ಡ್ರೈವಿಂಗ್ ಮೇಷ್ಟ್ರುಗಳದ್ದೆಲ್ಲ ಒಂದು ವಾಟ್ಸಾಪ್ ಗುಂಪಿದೆ. ಹೊಸ ನಿಯಮ, ಹೊಸ ಫಾರಂ, ಯಾರ ಲೈಸೆನ್ಸು ಯಾವಾಗ ಮುಗಿಯುತ್ತದೆ, ಎಲ್ಲ ಅದರಲ್ಲೇ, ಇಂಗ್ಲಿಷಿನಲ್ಲಿ ಬರುತ್ತದೆ. ಬೆಳಿಗ್ಗೆ ಚಹಾ ಕುಡಿಯುವಾಗ ನಾನು ಓದಿ ನಮ್ಮ ಮಾತಿನಲ್ಲಿ ಹೇಳುತ್ತೇನೆ. ಉಳಿದ ಮೂವರು ತಲೆಯಾಡಿಸುತ್ತಾರೆ. ಹನ್ನೊಂದು ವರ್ಷದಿಂದ ಹೀಗೇ.

ಆ ವಾರ ಬಂದ ನಿಯಮವನ್ನೂ ಓದಿದ್ದೆ, ಒಬ್ಬನೇ. ಮೇಷ್ಟ್ರು ಕೂರುವ ಎಡಗಡೆ ಸೀಟಿನ ಕಾಲಡಿಯ ಎರಡನೇ ಬ್ರೇಕನ್ನು ದಿನಾ ಬೆಳಿಗ್ಗೆ ಮೇಷ್ಟ್ರೇ ತುಳಿದು ನೋಡಿ, ಸರಿಯಿದೆ ಅಂತ ಸಹಿ ಹಾಕಬೇಕು. ಆಮೇಲೆ ಏನೇ ಆದರೂ ಹೊಣೆ ಸಹಿ ಹಾಕಿದವನದು. ನಮ್ಮ ಬಿಳಿ ಕಾರಿನ ಎರಡನೇ ಬ್ರೇಕು ಸತ್ತು ಐದು ತಿಂಗಳಾಗಿತ್ತು. ಹಿಂದಿನ ದಿನವೇ ನ್ಯಾಮಾರಿ ನನ್ನನ್ನು ಒಳಗೆ ಕರೆದು, ಸಹಿ ಹಾಜರಿಗೆ ಅಂತ ಮಕೋರಿಗೆ ಹೇಳು ಸಾಕು, ಅಂದಿದ್ದ. ನನ್ನ ಲೈಸೆನ್ಸು ಅವನ ಬೀರುವಿನಲ್ಲಿತ್ತು, ಎಲ್ಲರದೂ ಇದ್ದ ಹಾಗೆ.

“ಹಾಜರಿ ಕಣಣ್ಣ,” ಅಂದೆ. “ದಿನಾ ಹಾಕ್ಬೇಕಂತೆ.”

ಮಕೋರಿ ನನ್ನ ಮುಖ ನೋಡಿದ. ಆಮೇಲೆ ಬಗ್ಗಿ, ಪಕ್ಕದಲ್ಲಿದ್ದ ಬಿಳಿ ಕಾರಿನ ಮೂತಿಯ ಮೇಲೆ ಪುಸ್ತಕ ಇಟ್ಟು, ಒಂದೊಂದೇ ಅಕ್ಷರ ಕೂಡಿಸಿ ಹೆಸರು ಬರೆದ.

ಹತ್ತೊಂಬತ್ತು ದಿನ ಬರೆದ. ಹತ್ತೊಂಬತ್ತನೆಯ ದಿನ ಸಂತೆಯ ಇಳಿಜಾರಿನಲ್ಲಿ, ಕಲಿಯುತ್ತಿದ್ದ ಹೆಂಗಸು ಗಾಬರಿಯಾಗಿ ಬ್ರೇಕಿನ ಬದಲು ಆಕ್ಸಿಲರೇಟರ್ ತುಳಿದಳು. ಮಕೋರಿ ತನ್ನ ಕಡೆಯದನ್ನು ತುಳಿದ. ಕೈಬ್ರೇಕು ಎಳೆದ. ಕಾರು ಬಾಳೆಗೊನೆಯ ರಾಶಿ ಹತ್ತಿಳಿದು ಗೋಡೆಗೆ ಗುದ್ದಿ ನಿಂತಿತು. ಕಾರಿಗೂ ಗೋಡೆಗೂ ನಡುವೆ ಗೊನೆ ಮಾರುವ ಬೋಸಿಬೊರಿ ಇದ್ದಳು. ನಾನು ಓಡಿಹೋದಾಗ ಅವಳು ಕೂಗುತ್ತಿರಲಿಲ್ಲ. ತನ್ನ ಚಪ್ಪಲಿ ಎಲ್ಲಿ ಅಂತ ಕೇಳುತ್ತಿದ್ದಳು. ನಜ್ಜಾದ ಆ ಕಾಲನ್ನು ಸಂಜೆ ಆಸ್ಪತ್ರೆಯಲ್ಲಿ ಮೊಣಕಾಲಿನ ಮೇಲಿಂದ ಕತ್ತರಿಸಿ ತೆಗೆದರು.

ಠಾಣೆಯಲ್ಲಿ ಮಕೋರಿಯ ಬೂಟು, ಬೆಲ್ಟು ಬಿಚ್ಚಿಸಿ ನೆಲಕ್ಕೆ ಕೂರಿಸಿದ್ದರು. ನ್ಯಾಮಾರಿ ಪುಸ್ತಕ ಬಿಚ್ಚಿ ಸಾಹೇಬರ ಮೇಜಿನ ಮೇಲಿಟ್ಟ.

“ನೋಡಿ ಸಾ, ಬೆಳಿಗ್ಗೆ ಏಳೂ ಹತ್ತಕ್ಕೆ ಸರಿಯದೆ ಅಂತ ಸೈನು ಹಾಕವ್ನೆ. ಮುದುಕ ತೂಕಡಿಸ್ತಿದ್ದ, ಅಷ್ಟೆಯ.”

“ಏನ್ಲಾ, ಇದು ನಿನ್ ಸೈನೇ ತಾನೆ?”

“ಹೌದು ಸಾ. ಹಾಜರಿ.”

“ಹಾಜರಿಯಂತೆ!” ಸಾಹೇಬರು ನಕ್ಕರು. ಪೇದೆಗಳೂ ನಕ್ಕರು. “ಒಂದಕ್ಷರ ಓದಕ್ ಬರಲ್ಲ, ಇಪ್ಪತ್ತಾರು ವರ್ಷ ಊರಿಗೆಲ್ಲ ಏನ್ ಕಲಿಸ್ದ್ಯೋ ಮುಂಡೇದೆ?”

ನಾನು ಬಾಗಿಲಲ್ಲಿ ನಿಂತಿದ್ದೆ.

ಎರಡು ದಿನದ ಮೇಲೆ ಗುಂಪಿನಲ್ಲಿ ಸುದ್ದಿ ಬಂತು. ನಿರ್ಲಕ್ಷ್ಯಕ್ಕಾಗಿ ಒಬ್ಬ ಮೇಷ್ಟ್ರ ಲೈಸೆನ್ಸು ರದ್ದಾಗಿದೆ, ಎಲ್ಲರೂ ಎಚ್ಚರವಾಗಿರಿ. ಕೆಳಗೆ ಮೂವತ್ತೆರಡು ಜನ ಹೆಬ್ಬೆರಳಿನ ಗುರುತು ಒತ್ತಿದ್ದರು. ಅದರಲ್ಲಿ ನನ್ನದೂ ಒಂದಿತ್ತು. ಯಾವಾಗ ಒತ್ತಿದೆನೋ ನೆನಪಿಲ್ಲ.

ಹನ್ನೆರಡು ದಿನ ಕಳೆದು ಮಕೋರಿಯನ್ನು ಜಾಮೀನಿನ ಮೇಲೆ ಬಿಟ್ಟರು. ಅವತ್ತು ಮಧ್ಯಾಹ್ನ ಅವನ ಮನೆಗೆ ಹೋದೆ. ಅವನ ಹೆಂಡತಿ ನಮ್ಮಿಬ್ಬರ ಮುಂದೆ ಉಗಾಲಿ ಮುದ್ದೆ, ಸೊಪ್ಪು ಇಟ್ಟು ಹೊರಗೆ ಹೋದಳು.

“ಅದು ಹಾಜರಿ ಅಲ್ಲ ಕಣಣ್ಣ,” ಅಂದೆ. “ಬ್ರೇಕು ಸರಿಯದೆ ಅಂತ ಬರ್ದಿತ್ತು. ನಂಗೆ ಗೊತ್ತಿತ್ತು.”

ಅವನು ಮುದ್ದೆ ಮುರಿದು ಕೈಯಲ್ಲಿ ಉಂಡೆ ಮಾಡುತ್ತಲೇ ಇದ್ದ.

“ಬ್ರೇಕು ಸತ್ತಿರೋದು ನನ್ ಕಾಲಿಗೆ ಗೊತ್ತಿತ್ತು ಕಣ್ಲಾ. ಆ ಕಾಗ್ದ ಒಂದು ಗೊತ್ತಿರ್ಲಿಲ್ಲ.”

“ಬಯ್ಯಣ್ಣ ನಂಗೆ.”

“ಬಯ್ದು ಏನಾಗ್ಬೇಕು? ಗೊತ್ತಿದ್ದೂ ದಿನಾ ಗಾಡಿ ತಗಂಡ್ ಹೋದೋನು ನಾನಲ್ವಾ. ಆಯಮ್ಮನ ಕಾಲು ತಿಂದೋರಲ್ಲಿ ನಾನೂ ಇವ್ನಿ, ನೀನೂ ಇದ್ದೀಯ.” ಸೊಪ್ಪಿನ ತಟ್ಟೆಯನ್ನು ನನ್ನ ಕಡೆ ತಳ್ಳಿದ. “ಉಣ್ಣು.”

ಉಂಡೆ. ರುಚಿ ಗೊತ್ತಾಗಲಿಲ್ಲ.

ಮುಂದಿನ ಸೋಮವಾರ ಬಿಳಿ ಕಾರು ಗ್ಯಾರೇಜಿನಿಂದ ಬಂತು. ಮೂತಿಯ ತಗ್ಗು ತೆಗೆಸಿ ಬಣ್ಣ ಹೊಡೆಸಿದ್ದರು. ನ್ಯಾಮಾರಿ ಪುಸ್ತಕವನ್ನು ನನ್ನ ಕೈಗೆ ಕೊಟ್ಟ.

“ಇನ್ಮೇಲೆ ಈ ಗಾಡಿ ನಿಂದು.”

ನಾನು ಎಡಗಡೆ ಕೂತು ಎರಡನೇ ಬ್ರೇಕು ತುಳಿದೆ. ನೆಲದವರೆಗೂ ಇಳಿಯಿತು, ಮೇಲೆ ಬರಲಿಲ್ಲ. ಕೆಳಗಿಳಿದು, ಬ್ರೇಕಿನ ಮುಂದಿನ ಖಾನೆಯಲ್ಲಿ ಕೆಲಸ ಮಾಡುವುದಿಲ್ಲ ಅಂತ ದೊಡ್ಡಕ್ಷರದಲ್ಲಿ ಬರೆದೆ. ಸಹಿ ಹಾಕಿದೆ, ಹೊತ್ತು ಬರೆದೆ. ಫೋಟೋ ತೆಗೆದು ಗುಂಪಿಗೆ ಹಾಕಿದೆ. ಕೋಪವೇನೂ ಬಂದಿರಲಿಲ್ಲ. ಬೇರೆ ಯಾರದೋ ಕೈ ಬರೆದಂತಿತ್ತು.

ಸ್ವಲ್ಪ ಹೊತ್ತಿಗೆ ಫೋನು ಅದುರಿತು. ನದಿಯಾಚೆಯ ಸ್ಕೂಲಿನ ಒಬ್ಬ ಮೇಷ್ಟ್ರು ತನ್ನ ಕಾಗದದ ಫೋಟೋ ಹಾಕಿದ್ದ. ಅದೇ ಖಾನೆ, ಅದೇ ಮಾತು. ಆಮೇಲೆ ಇನ್ನೊಬ್ಬ. ಆಮೇಲೆ, ಗುಂಪಿನಲ್ಲಿ ಎಂದೂ ಒಂದಕ್ಷರ ಬರೆಯದ ಒಬ್ಬ ಹೆಂಗಸು. ನಾಲ್ಕನೆಯದು ಬರಲಿಲ್ಲ. ಇನ್ನು ಮುಂದೆ ಈ ಗುಂಪಿನಲ್ಲಿ ಅಡ್ಮಿನ್‌ಗಳು ಮಾತ್ರ ಬರೆಯಬಹುದು ಅಂತ ಒಂದು ಸಾಲು ಬಂತು. ಅಡ್ಮಿನ್‌ಗಳೆಲ್ಲ ಸ್ಕೂಲುಗಳ ಯಜಮಾನರು.

ನ್ಯಾಮಾರಿ ಫೋನು ಹಿಡಿದುಕೊಂಡೇ ಆಫೀಸಿನಿಂದ ಓಡಿ ಬಂದ.

“ಸೂಳೇಮಗನೆ, ನನ್ನ ಅನ್ನ ತಿಂದು ನನ್ನೇ ಬೀದಿಗೆಳೀತೀಯಾ? ನಿನ್ ಲೈಸೆನ್ಸು ಸುಟ್ಟಾಕ್ಬಿಡ್ತೀನಿ!”

“ಸುಡಿ.”

ಅವನು ಹಾಳೆ ಹರಿದು ಮುದ್ದೆ ಮಾಡಿ ಎಸೆದ. ಪುಸ್ತಕವನ್ನು ಮತ್ತೆ ಕಾರಿನ ಮೇಲೆ ಬಡಿದ. “ಬರಿ, ಸರಿಯಾಗ್ ಬರಿ!”

ಬರೆದೆ. ಅದನ್ನೇ ಬರೆದೆ. ಅವನು ಹರಿದ. ಮತ್ತೆ ಬರೆದೆ.

ಕಲಿಯುವವರು ಬಂದು ನಿಂತಿದ್ದರು. ಅವರಲ್ಲೊಬ್ಬ, “ಮೇಷ್ಟ್ರೇ, ಗುರುವಾರ ನನ್ ಟೆಸ್ಟು ಅದೆ,” ಅಂದ.

“ಗೊತ್ತು ಕಣಪ್ಪ,” ಅಂದೆ.

ನ್ಯಾಮಾರಿ ಐದನೆಯ ಹಾಳೆಯನ್ನೂ ಹರಿಯತೊಡಗಿದ. ಪುಸ್ತಕದಲ್ಲಿ ಹಾಳೆಗಳು ಇನ್ನೂ ಇದ್ದವು. ನಾನು ಪೆನ್ನು ಹಿಡಿದುಕೊಂಡು ಕಾಯುತ್ತ ನಿಂತೆ.